ದೋಣಿ ಮಗುಚಿದ್ರೆ ಮಾಸ್ಟ್ (ಹಾಯಿ ಕಟ್ಟೋ ಕಂಬ) ಒಳಗೆ ನೀರು ತುಂಬ್ಕೊಳ್ಳತ್ತೆ, ಏನು ಮಾಡೋದು?

ಪ್ರಶ್ನೆ: ಸೋಮವಾರಪೇಟೆ ಹತ್ರ ನಮ್ಮ ತೋಟ. ಮಂಗಳೂರಿಂದ ಒಂದು ಹಳೇ 14 ಅಡಿ ಫೈಬರ್ ಹಾಯಿದೋಣಿ ತಂದಿದೀವಿ, ಅನುಮತಿ ತಗೊಂಡು ಹಾರಂಗಿ ಹಿನ್ನೀರಲ್ಲಿ ಓಡಿಸ್ತೀವಿ. ಫೆಬ್ರವರಿಲಿ ಜೋರು ಗಾಳಿ ಬಂದು ಮಗುಚ್ತು, ನಾನು ಮತ್ತೆ 12 ವರ್ಷದ ಮಗಳು ಇದ್ವಿ. ನೋಡ್ತಾ ನೋಡ್ತಾ ಪೂರ್ತಿ ತಲೆಕೆಳಗಾಗೋಯ್ತು, ಎತ್ತೋಕೇ ಆಗಲಿಲ್ಲ, ಮೀನು ಹಿಡಿಯೋರು ತೆಪ್ಪದಲ್ಲಿ ಬಂದು ಕೈ ಕೊಟ್ರು. ದಡಕ್ಕೆ ತಂದು ಮಾಸ್ಟ್ ಇಳಿಸಿದ್ರೆ ಬುಡದಿಂದ ನೀರೋ ನೀರು. ಆರು ಮೀಟರ್ ಅಲ್ಯೂಮಿನಿಯಂ ಮಾಸ್ಟ್, ಹಾಯಿ ಏರಿಸೋ ಹಗ್ಗ ಒಳಗಿಂದಾನೇ ಹೋಗತ್ತೆ. ಸ್ಪ್ರೇ ಫೋಮ್ ತುಂಬಿಸಿಬಿಡ್ಲಾ? ಬಾತ್‌ರೂಮ್ ಸಿಲಿಕೋನ್ ನಡೆಯತ್ತಾ? ಕಾರ್ಬನ್ ಮಾಸ್ಟ್ ಹಾಕಿದ್ರೆ ಈ ತಲೆನೋವೇ ಇರಲ್ಲ ಅಂತಾರೆ, ನಿಜಾನಾ? ಮಗಳನ್ನ ಮತ್ತೆ ಕರ್ಕೊಂಡು ಹೋಗಬಹುದಾ?

ಉತ್ತರ:

ಮೊದಲು ಸ್ಪ್ರೇ ಫೋಮ್ ಡಬ್ಬಿ ಕೆಳಗಿಡಿ, ಅದೊಂದು ಮಾತ್ರ ಮಾಡ್ಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಮಗಳನ್ನ ಕರ್ಕೊಂಡು ಹೋಗಬಹುದು, ಆದ್ರೆ ಮಾಸ್ಟ್ ಸರಿ ಮಾಡಿದ ಮೇಲೆ, ಮತ್ತೆ ಬೇಕು ಅಂತಾನೇ ದೋಣಿ ಮಗುಚಿ ಅಭ್ಯಾಸ ಮಾಡಿದ ಮೇಲೆ.

ಎಷ್ಟು ನೀರಿನ ವಿಷ್ಯ ಇದು ಅಂತ ಒಂದು ಲೆಕ್ಕ ಹಾಕೋಣ, ಯಾಕಂದ್ರೆ ಲೆಕ್ಕ ನೋಡಿದ ಮೇಲೆ ಏನು ಮಾಡ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ. ನಿಮ್ಮ ಮಾಸ್ಟ್ ಎರಡೂವರೆ ಇಂಚು ದಪ್ಪ, ಗೋಡೆ 2 ಮಿಲಿಮೀಟರ್ ಅಂತ ಇಟ್ಕೊಳ್ಳಿ, ಈ ಸೈಜಿನ ದೋಣಿಗೆ ಹೆಚ್ಚು ಕಮ್ಮಿ ಅಷ್ಟೇ ಇರತ್ತೆ. ಆರು ಮೀಟರ್‌ಗೆ ಬರೀ ಅಲ್ಯೂಮಿನಿಯಂ ತೂಕ ಸುಮಾರು 6 ಕಿಲೋ ಚಿಲ್ಲರೆ. ಒಳಗಿನ ಟೊಳ್ಳು ಜಾಗ ಸುಮಾರು 16-17 ಲೀಟರ್. ಪೂರ್ತಿ ಸೀಲ್ ಆಗಿರೋ ಮಾಸ್ಟ್‌ನ ನೀರಲ್ಲಿ ಒತ್ತಿ ಮುಳುಗಿಸೋಕೆ ಹೋದ್ರೆ 12-13 ಕಿಲೋ ಬಲದಲ್ಲಿ ಮೇಲಕ್ಕೆ ನೂಕತ್ತೆ. ಅದೇ ನೀರು ತುಂಬಿದ್ರೆ ತೇಲೋದು ಬಿಡಿ, 4 ಕಿಲೋ ಬಲದಲ್ಲಿ ತಳಕ್ಕೆ ಎಳೆಯತ್ತೆ. ಇದು ಬರೀ ಕೊಳವೆ ಲೆಕ್ಕ, ಅದರ ಮೇಲೆ ಮಾಸ್ಟ್‌ನ ಹಿಡಿದು ನಿಲ್ಲಿಸೋ ವೈರು, ರಾಟೆ, ಒದ್ದೆ ಹಾಯಿ ಎಲ್ಲ ಸೇರತ್ತೆ. ದೋಣಿ ಪಕ್ಕಕ್ಕೆ ಬಿದ್ದು ಮಾಸ್ಟ್ ನೀರ ಮೇಲೆ ಅಡ್ಡ ಮಲಗಿರೋ ಹೊತ್ತಲ್ಲಿ ಅದು ತೇಲಿದ್ರೆ ದೋಣಿ ಅಲ್ಲೇ ನಿಲ್ಲತ್ತೆ, ಮುಳುಗಿದ್ರೆ ಪೂರ್ತಿ ಮಗುಚಿ ತಲೆಕೆಳಗಾಗತ್ತೆ, ಸೇಲಿಂಗ್ ಮಾಡೋರು ಟರ್ಟಲ್ ಆಯ್ತು ಅಂತಾರಲ್ಲ, ಅದು.

ಇನ್ನು ಎತ್ತೋ ಲೆಕ್ಕ. ತೋಟದಲ್ಲಿ ಬ್ಲಾಸಂಗೆ, ಅಂದ್ರೆ ಕಾಫಿ ಹೂ ಬಿಡಿಸೋಕೆ, ನೀರು ಹೊಡೆಯೋವಾಗ ಸ್ಪ್ರಿಂಕ್ಲರ್‌ನ 20 ಅಡಿ ಅಲ್ಯೂಮಿನಿಯಂ ಪೈಪ್ ಒಂದೇ ಕೈಲಿ ಎತ್ಕೊಂಡು ಹೋಗ್ತಾರೆ, ಅದೇ ಪೈಪ್ ನೀರು ತುಂಬಿಕೊಂಡಿರೋವಾಗ ಒಂದು ತುದಿ ಹಿಡಿದು ಎತ್ತಿ ನೋಡಿ ಅಂದ್ರೆ ಯಾರೂ ಒಪ್ಪಲ್ಲ. ನಿಮ್ಮ ಮಾಸ್ಟ್ ಕಥೆನೂ ಅದೇ. 17 ಕಿಲೋ ನೀರು, ಅದರ ಸರಾಸರಿ ದೂರ ದೋಣಿಯಿಂದ 3 ಮೀಟರ್, ಅಂದ್ರೆ 50 ಕಿಲೋ-ಮೀಟರ್ ಆಸುಪಾಸು ಮಗುಚೋ ಬಲ (ಕಿಲೋ ಗುಣಿಸು ಮೀಟರ್, ದಾರಿಯ ಕಿಲೋಮೀಟರ್ ಅಲ್ಲ). ನೀವು 60 ಕಿಲೋ ಇದ್ದು ಸೆಂಟರ್‌ಬೋರ್ಡ್ (ದೋಣಿ ಅಡಿಯಿಂದ ನೀರಿಗೆ ಇಳಿಬಿಡೋ ಹಲಗೆ) ಮೇಲೆ ನಿಂತು ಹಿಂದಕ್ಕೆ ವಾಲಿದ್ರೆ ನಿಮಗೆ ಸಿಗೋ ಸನ್ನೆ ದೂರ ಒಂದು ಮೀಟರ್ ಅಂತಿಟ್ಕೊಳ್ಳಿ, 60 ಕಿಲೋ-ಮೀಟರ್. ಅಲ್ಲಿಗೆ ನಿಮ್ಮ ಶಕ್ತಿ ಬಹುಪಾಲು ಮಾಸ್ಟ್ ಒಳಗಿನ ನೀರಿಗೇ ಖರ್ಚಾಯ್ತು, ಹಾಯಿ ಮೇಲೆ ನಿಂತ ನೀರನ್ನ ಎತ್ತೋಕೆ ಏನೂ ಉಳಿಯಲ್ಲ. ನಿಮ್ಮ ಕೈಲಿ ಎತ್ತೋಕಾಗಲಿಲ್ಲ ಅಂದ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಈಗ ಮುಖ್ಯವಾದ ಮಾತು. ಎಲ್ಲರೂ ಕೇಳೋದು ನೀರು ಒಳಗೆ ಬರದ ಹಾಗೆ ಮಾಡೋದು ಹೇಗೆ ಅಂತ. ಹಳೇ ಮಾಸ್ಟ್‌ಗೆ ಹತ್ತಾರು ರಿವೆಟ್ ತೂತು, ಹಗ್ಗ ಹೋಗೋ ಸೀಳು, ಮೇಲೆ ರಾಟೆ ಬಾಕ್ಸ್, ಇದನ್ನ ನೂರಕ್ಕೆ ನೂರು ಬಿಗಿ ಮಾಡ್ತೀನಿ ಅಂತ ಕೂತ್ರೆ ಪ್ರತಿ ವರ್ಷ ಸೀಲಂಟ್ ಹಚ್ಚೋದೇ ಕೆಲಸ ಆಗತ್ತೆ. ನಾನು ಹೇಳೋದು, ನೀರು ಬರೋದಾದ್ರೆ ಬರ್ಲಿ, ಆದ್ರೆ ಮಾಸ್ಟ್‌ನ ಮೇಲಿನ ಭಾಗದಲ್ಲಿ ಅದಕ್ಕೆ ಕೂರೋಕೆ ಜಾಗಾನೇ ಇರಬಾರದು, ಕೆಳಗಿನ ಭಾಗದಲ್ಲಿ ಬಂದ ನೀರು ಬೇಗ ಇಳಿದು ಹೋಗ್ಬೇಕು. ಮೇಲಿನ ಭಾಗ ಯಾಕೆ ಅಂದ್ರೆ ಸನ್ನೆ ದೂರ ಜಾಸ್ತಿ. ಮಾಸ್ಟ್‌ನ ಮೇಲಿನ ಮೂರನೇ ಒಂದು ಭಾಗ, ಅಂದ್ರೆ ನಿಮ್ಮದರಲ್ಲಿ ತುದಿಯ 2 ಮೀಟರ್ ಇದ್ಯಲ್ಲ, ಒಳಗಿನ ಗಾಳಿ ಕೊಡೋ ಒಟ್ಟು ಪ್ರಯೋಜನದಲ್ಲಿ ಅರ್ಧಕ್ಕಿಂತ ಜಾಸ್ತಿ, ಸರಿಯಾಗಿ ಹೇಳ್ಬೇಕು ಅಂದ್ರೆ ಒಂಬತ್ತರಲ್ಲಿ ಐದು ಪಾಲು, ಆ 2 ಮೀಟರೇ ಕೊಡತ್ತೆ. ಐದೂವರೆ ಲೀಟರ್ ಗಾಳಿ, 5 ಮೀಟರ್ ದೂರ, 28 ಕಿಲೋ-ಮೀಟರ್ ಹತ್ರ ಬಲ. ಉಳಿದ ಕೊಳವೆಯಲ್ಲಿ ನೀರು ತುಂಬಿದ್ರೂ ಅಲ್ಯೂಮಿನಿಯಂ ಮುಳುಗದ ಹಾಗೆ ಹಿಡಿಯೋಕೆ ಬೇಕಾಗೋದು 12, ಮಿಕ್ಕಿದ್ದು ಹಾಯಿ, ವೈರುಗಳ ಪಾಲಿಗೆ.

ಮಾಡೋದು ಹೇಗೆ? ಎರಡು ದಾರಿ ಇದೆ. ಒಂದನೇದು, ನಾನು ನಿಮ್ಮ ಜಾಗದಲ್ಲಿದ್ರೆ ಇದನ್ನೇ ಮಾಡ್ತೀನಿ: ಒಳಗಿನ ಹಗ್ಗ ತೆಗೆದು ಹೊರಗೆ ಹಾಕಿಬಿಡಿ. ಮಾಸ್ಟ್ ತುದಿಗೆ ಒಂದು ಸಣ್ಣ ರಾಟೆ ಕಟ್ಟಿ, ಹಾಲ್ಯಾರ್ಡ್, ಅಂದ್ರೆ ಹಾಯಿ ಏರಿಸೋ ಆ ಹಗ್ಗ, ಹೊರಗಿಂದ ಇಳಿದು ಬಂದು ಬುಡದ ಕ್ಲೀಟ್‌ಗೆ (ಹಗ್ಗ ಬಿಗಿಯೋ ಕೊಕ್ಕೆ) ಸೇರ್ಲಿ. ಗಾಳಿಗೆ ಮಾಸ್ಟ್‌ಗೆ ಪಟಪಟ ಬಡಿಯತ್ತೆ, ಸದ್ದು ಕಿರಿಕಿರಿ, ವೇಗ ಚೂರು ಕಮ್ಮಿ ಆಗಬಹುದು, ಆದ್ರೆ ನೀವೇನು ರೇಸ್‌ಗೆ ಹೋಗ್ತಿಲ್ವಲ್ಲ. ಹಗ್ಗ ಹೊರಗೆ ಬಂತು ಅಂದ್ರೆ ಒಳಗೆ ಖಾಲಿ ಕೊಳವೆ, ಮೇಲೆ ಕೆಳಗೆ ಎರಡು ಬಿರಡೆ ಹಾಕಿ ಸೀಲ್ ಮಾಡೋದು ಸುಲಭ. ಎರಡನೇದು, ಹಗ್ಗ ಒಳಗೇ ಇರ್ಬೇಕು ಅಂದ್ರೆ, ಈಜೋಕೆ ಕಲಿಯೋ ಮಕ್ಕಳು ಹಿಡ್ಕೊಳ್ಳೋ ಉದ್ದನೇ ಫೋಮ್ ಕೋಲು ಸಿಗತ್ತಲ್ಲ, ನೂಡಲ್ ಅಂತಾರೆ, ಅದು ಪಾಲಿಥೀನ್ ಫೋಮು, ಒಳಗಿನ ಗುಳ್ಳೆ ಒಂದೊಂದೂ ಮುಚ್ಚಿರೋದರಿಂದ ನೀರು ಕುಡಿಯಲ್ಲ. ಹಾಲ್ಯಾರ್ಡ್‌ಗೆ ಅಂತ ಎಲೆಕ್ಟ್ರಿಕ್ ಅಂಗಡಿಲಿ ಸಿಗೋ 20 ಮಿಲಿಮೀಟರ್ ಪಿವಿಸಿ ಪೈಪ್ ಒಂದನ್ನ ಒಳಗೆ ಬಿಟ್ಟು, ಫೋಮ್ ಕೋಲಿಗೆ ಉದ್ದಕ್ಕೆ ಕಚ್ಚು ಕೊಯ್ದು ಆ ಪೈಪ್ ಪಕ್ಕಕ್ಕೆ ತುರುಕಿ, ಮೇಲಿಂದ ಹಗ್ಗ ಕಟ್ಟಿ ಎಳ್ಕೊಂಡು ತುದಿಯ ಎರಡು ಮೀಟರ್ ತುಂಬಿಸಿ. ಎರಡು ಹಾಲ್ಯಾರ್ಡ್ ಇದ್ರೆ ಎರಡು ಪೈಪು. ಎರಡು ಕಡೆಗೂ ಪೈಪಿನ ಬಾಯಿ ಉಜ್ಜಿ ನಯ ಮಾಡಿ, ಇಲ್ದಿದ್ರೆ ಹಗ್ಗ ಸವೆಯತ್ತೆ. ಫೋಮ್ ಜಾರಿ ಕೆಳಗೆ ಬರದ ಹಾಗೆ ಕೆಳಗಡೆ ಒಂದು ಅಡ್ಡ ರಿವೆಟ್ ಹೊಡೀರಿ. ಈ ಎಲ್ಲದರ ತೂಕ ಅರ್ಧ ಕಿಲೋ ಸುತ್ತಮುತ್ತ ಅಷ್ಟೇ.

ಎರಡನೇ ದಾರಿ ಹಿಡಿದ್ರೆ ಬುಡದಲ್ಲಿ ಅರ್ಧ ಇಂಚಿನ ಒಂದು ತೂತು ಬೇಕು. ನೀರು ಇಳಿಯೋಕೆ ಮೇಲಿಂದ ಗಾಳಿ ಬರ್ಬೇಕಲ್ಲ, ಹಗ್ಗದ ಸೀಳಿಂದ ಬರತ್ತೆ, ಅದನ್ನ ಮುಚ್ಚಬೇಡಿ. ಅರ್ಧಂಬರ್ಧ ಸೀಲ್ ಮಾಡಿದ ಮಾಸ್ಟ್ ಎಲ್ಲಕ್ಕಿಂತ ಕೆಟ್ಟದ್ದು, ನೀರು ಸಣ್ಣ ತೂತಲ್ಲಿ ಒಳಗೆ ಬರತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ಬೇಕಾದ್ರೆ ಪೂರ್ತಿ ಸೀಲ್ ಮಾಡಿ, ಇಲ್ಲ ಧಾರಾಳವಾಗಿ ಬಿಡಿ, ನಡುವಲ್ಲಿ ನಿಲ್ಲಬೇಡಿ.

ಸ್ಪ್ರೇ ಫೋಮ್ ಯಾಕೆ ಬೇಡ ಅಂದೆ ಅಂದ್ರೆ, ಡಬ್ಬಿಲಿ ಬರೋ ಆ ಫೋಮು ಗಟ್ಟಿಯಾಗೋದೇ ಗಾಳಿಯ ತೇವದಿಂದ, ಆರು ಮೀಟರ್ ಕೊಳವೆಯ ಮಧ್ಯಕ್ಕೆ ತೇವ ತಲುಪೋದಿಲ್ಲ, ಹೊರಗೆ ಗಟ್ಟಿ ಒಳಗೆ ಅಂಟು ಹಾಗೇ ಉಳಿಯತ್ತೆ. ಗಟ್ಟಿಯಾದದ್ದೂ ವರ್ಷ ಕಳೆದ ಹಾಗೆ ನೀರು ಹೀರ್ಕೊಂಡು ಭಾರ ಆಗತ್ತೆ, ಆ ನೀರು ಅಲ್ಯೂಮಿನಿಯಂಗೆ ಅಂಟ್ಕೊಂಡು ಕೂತು ಒಳಗಿಂದ ತಿನ್ನತ್ತೆ, ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ. ತೆಗೀಬೇಕು ಅಂದ್ರೆ ಆ ದೇವರೇ ಬರ್ಬೇಕು. ಒಳಗಿನ ಹಗ್ಗ ಅಂತೂ ಮುಗೀತು.

ಸಿಲಿಕೋನ್ ವಿಷ್ಯ. ಹಚ್ಚುವಾಗ ವಿನೆಗರ್ ವಾಸನೆ ಬರೋ ಸಿಲಿಕೋನ್ ಬೇಡ, ಅದು ಗಟ್ಟಿಯಾಗೋವಾಗ ಆಸಿಡ್ ಬಿಡತ್ತೆ, ಅಲ್ಯೂಮಿನಿಯಂಗೆ ಆಗಲ್ಲ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತಗೊಳ್ಳಿ, ಅಥವಾ ಪಾಲಿಯುರಿಥೇನ್ ಸೀಲಂಟ್, ಬಸ್ಸು ಲಾರಿ ಗಾಜು ಕೂರಿಸೋರ ಹತ್ರ ಇರತ್ತೆ. ಹಚ್ಚೋ ಮೊದಲು ಹಳೇದನ್ನ ಕೆರೆದು, ಥಿನ್ನರ್‌ನಲ್ಲಿ ಒರೆಸಿ, ಒಣಗಿಸಿ. ಒದ್ದೆ ಮೇಲೆ ಹಚ್ಚಿದ್ರೆ ಒಂದು ವಾರಕ್ಕೆ ಸಿಪ್ಪೆ ಹಾಗೆ ಎದ್ದು ಬರತ್ತೆ. ರಿವೆಟ್‌ನಲ್ಲೂ ನೋಡ್ಕೊಳ್ಳಿ, ಸಾಮಾನ್ಯ ಪಾಪ್ ರಿವೆಟ್‌ಗೆ ಮಧ್ಯೆ ತೂತು ಇರತ್ತೆ, ಒಳಗಿನ ಮೊಳೆ ಸಡಿಲ ಆಗಿ ಬಿದ್ರೆ ಅದೇ ಒಂದು ನಲ್ಲಿ. ತುದಿ ಮುಚ್ಚಿರೋ ರಿವೆಟ್ ಬರತ್ತೆ, ಕ್ಲೋಸ್ಡ್ ಎಂಡ್ ಅಂತ ಕೇಳಿ, ಸೀಲಂಟಲ್ಲಿ ಅದ್ದಿ ಹೊಡೀರಿ. ಸ್ಟೀಲ್ ಫಿಟ್ಟಿಂಗ್ ಅಲ್ಯೂಮಿನಿಯಂಗೆ ನೇರ ತಾಗೋ ಕಡೆ ಮಧ್ಯೆ ಒಂದು ತೆಳ್ಳಗಿನ ಪ್ಲಾಸ್ಟಿಕ್ ಅಥವಾ ಸೀಲಂಟ್ ಪದರ ಇರ್ಲಿ, ಎರಡು ಲೋಹ ಮತ್ತೆ ನೀರು ಸೇರಿದ್ರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತ್ತೆ. ನಿಮ್ಮ ದೋಣಿ ಮಂಗಳೂರಿಂದ ಬಂದದ್ದು ಅಂದ್ರಲ್ಲ, ಸಮುದ್ರದ ಉಪ್ಪು ಒಳಗೆ ಇನ್ನೂ ಕೂತಿರತ್ತೆ, ಏನಾದ್ರೂ ಮಾಡೋ ಮೊದಲು ಪೈಪ್ ಹಿಡಿದು ಒಳಗೆಲ್ಲ ಸಿಹಿನೀರಲ್ಲಿ ತೊಳೀರಿ.

ಅದೇ ಉಸಿರಲ್ಲಿ ಇನ್ನೊಂದು, ಇದು ತೋಟದವರಿಗೇ ಅಂತ ಹೇಳ್ಬೇಕಾದ್ದು: ಮಾಸ್ಟ್‌ನ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿದ ಸ್ಪ್ರೇ ಔಷಧಿ) ಕಲಸೋ ಶೆಡ್‌ನಲ್ಲಿ ಇಡಬೇಡಿ. ಮೈಲುತುತ್ತದಲ್ಲಿರೋ ತಾಮ್ರ ಅಲ್ಯೂಮಿನಿಯಂಗೆ ಪರಮ ಶತ್ರು, ಹನಿ ಬಿದ್ದ ಕಡೆ ಸೂಜಿ ಚುಚ್ಚಿದ ಹಾಗೆ ಗುಂಡಿ ಬೀಳತ್ತೆ. ಸ್ಪ್ರೇ ಮಾಡೋ ಡ್ರಮ್ಮು, ಗನ್ನು, ಹೋಸು ಎಲ್ಲದರಿಂದ ದೂರ ಇಡಿ.

ಪರೀಕ್ಷೆಗೆ ದೊಡ್ಡ ಸಲಕರಣೆ ಏನೂ ಬೇಡ, ನಿಮ್ಮ ತೋಟದಲ್ಲೇ ಎಲ್ಲ ಇದೆ. ಪೂರ್ತಿ ಸೀಲ್ ಮಾಡಿದ್ದಾದ್ರೆ ಕಾಫಿ ಕಣದಲ್ಲಿ ಉದ್ದಕ್ಕೆ ಮಲಗಿಸಿ, ಬುಡದ ಬಿರಡೆಗೆ ಒಂದು ಸೈಕಲ್ ವಾಲ್ವ್ ಕೂರಿಸಿ, ಕೈ ಪಂಪಿಂದ ಮೆಲ್ಲಗೆ ಒಂದೆರಡು ಸಲ ಒತ್ತಿ, ರಿವೆಟ್‌ಗಳ ಮೇಲೆ ಸೋಪಿನ ನೀರು ಹಚ್ತಾ ಬನ್ನಿ, ಗುಳ್ಳೆ ಎದ್ದಲ್ಲೆಲ್ಲ ಮಾರ್ಕರಲ್ಲಿ ಗುರುತು ಮಾಡಿ. ಕಂಪ್ರೆಸರ್ ಹಿಡಿಯಬೇಡಿ ದಯವಿಟ್ಟು, ಬಿರಡೆ ಹಾರಿ ಬಂದು ಮುಖಕ್ಕೆ ಬಡಿಯತ್ತೆ. ಆಮೇಲೆ ತೋಟದ ಕೆರೆಲಿ ಒಂದು ಗಂಟೆ ಮುಳುಗಿಸಿಡಿ. ಮುಳುಗಿಸೋ ಮೊದಲು ಮತ್ತೆ ಆಮೇಲೆ ಕಾಫಿ ಮೂಟೆ ತೂಗೋ ಕಾಟಾದಲ್ಲಿ ತೂಗಿ, ಹೊರಗಿನ ನೀರು ಒರೆಸಿ ತೂಗಿದಾಗ ಅರ್ಧ ಕಿಲೋ ಏರಿದ್ರೆ ಅರ್ಧ ಲೀಟರ್ ಒಳಗೆ ಹೋಗಿದೆ, ಅಷ್ಟೇ ಸರಳ. ಆ ಒಣ ತೂಕವನ್ನ ಮಾಸ್ಟ್ ಬುಡದಲ್ಲೇ ಬರೆದಿಟ್ಟುಬಿಡಿ, ಮುಂದೆ ಯಾವಾಗ ಅನುಮಾನ ಬಂದ್ರೂ ಕಾಟಾಗೆ ಹಾಕಿ ನೋಡಿದ್ರೆ ಆಯ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆರೆಲಿ ಒಂದು ತೊಟ್ಟೂ ನೀರು ಬರಲಿಲ್ಲ, ಹಿನ್ನೀರಲ್ಲಿ ಮಾತ್ರ ಬರತ್ತೆ ಅಂತ ತಲೆ ಕೆಡಿಸ್ಕೊಳ್ಳೋರು ತುಂಬಾ ಜನ. ಕಾರಣ ಬಿಸಿಲು. ಮಧ್ಯಾಹ್ನದ ಬಿಸಿಲಲ್ಲಿ ಮಾಸ್ಟ್ ಒಳಗಿನ ಗಾಳಿ 50 ಡಿಗ್ರಿಗೆ ಏರಿರತ್ತೆ, ದೋಣಿ ಮಗುಚಿ ಅದು 22 ಡಿಗ್ರಿ ನೀರಿಗೆ ಬಿದ್ರೆ ಗಾಳಿ ತಣ್ಣಗಾಗಿ ಒಳಗಿನ ಒತ್ತಡ ನೂರಕ್ಕೆ ಎಂಟೊಂಬತ್ತು ಪಾಲು ಇಳಿಯತ್ತೆ. ಹಾರಂಗಿ ಇರೋ ಎತ್ತರಕ್ಕೆ ಅದು ಸುಮಾರು 80 ಸೆಂಟಿಮೀಟರ್ ಆಳದ ನೀರು ಹಾಕೋ ಒತ್ತಡಕ್ಕೆ ಸಮ. ಅಂದ್ರೆ ಮಾಸ್ಟ್ ನೀರ ಮೇಲೇ ತೇಲ್ತಾ ಇದ್ರೂ ತೂತಿಂದ ನೀರನ್ನ ಒಳಗೆ ಎಳ್ಕೊಳ್ಳತ್ತೆ. ಹಾಗಾಗಿ ಪರೀಕ್ಷೆ ಮಾಡೋದಾದ್ರೆ ಮಟಮಟ ಮಧ್ಯಾಹ್ನ ಕಣದಲ್ಲಿ ಕಾಯಿಸಿ, ಬಿಸಿ ಇರೋವಾಗಲೇ ಕೆರೆಗೆ ಹಾಕಿ. ಅದರಲ್ಲಿ ಪಾಸಾದ್ರೆ ಪಾಸು.

ಇಷ್ಟೆಲ್ಲ ಆದ ಮೇಲೂ ಮಗಳು ಜೊತೆಗೆ ಬರೋದಾದ್ರೆ ಮಾಸ್ಟ್ ತುದಿಗೆ ಒಂದು ತೇಲು ಕಟ್ಟಿ ಅಂತ ಹೇಳ್ತೀನಿ. ಅಂಗಡಿಲಿ ಮಾಸ್ಟ್‌ಹೆಡ್ ಫ್ಲೋಟ್ ಅಂತ ಸಿಗತ್ತೆ, ಆದ್ರೆ 5 ಲೀಟರ್‌ನ ಗಟ್ಟಿ ಪ್ಲಾಸ್ಟಿಕ್ ಕ್ಯಾನ್, ಮುಚ್ಚಳಕ್ಕೆ ಸೀಲಂಟ್ ಹಾಕಿ ಬಿಗಿ ಮಾಡಿ, ಹಿಡಿಯಲ್ಲಿ ಹಗ್ಗ ತೂರಿಸಿ ತುದಿಗೆ ಕಟ್ಟಿದ್ರೂ ಅದೇ ಕೆಲಸ. 5 ಕಿಲೋ, 6 ಮೀಟರ್ ದೂರ, 30 ಕಿಲೋ-ಮೀಟರ್, ಒಳಗೆ ತುಂಬಿಸಿದ ಫೋಮ್‌ನಷ್ಟೇ ಬಲ. ನೋಡೋಕೆ ಚೆನ್ನಾಗಿರಲ್ಲ, ನೋಡಿದೋರು ನಗ್ತಾರೆ, ನಗ್ಲಿ ಬಿಡಿ. ಔಷಧಿ ಕ್ಯಾನ್ ಮಾತ್ರ ಬಳಸಬೇಡಿ, ಅದು ಕಾವೇರಿಗೆ ಸೇರೋ ನೀರು. ಹಾಗಂತ ಇನ್ನೂ ದೊಡ್ಡದು ಕಟ್ಟೋಣ, 20 ಲೀಟರ್ ಕಟ್ಟೋಣ ಅಂತ ಹೋಗಬೇಡಿ, ಗಾಳಿಗೆ ಮಾಸ್ಟ್ ತುದಿ ಭಾರ ಆಗತ್ತೆ ಅನ್ನೋದು ಒಂದು, ಅದಕ್ಕಿಂತ ಮುಖ್ಯ, ಪಕ್ಕಕ್ಕೆ ಮಲಗಿ ಚೆನ್ನಾಗಿ ತೇಲೋ ದೋಣಿ ಗಾಳಿಗೆ ಸಿಕ್ಕಾಪಟ್ಟೆ ವೇಗವಾಗಿ ಜಾರ್ಕೊಂಡು ಹೋಗತ್ತೆ, ಒಳ್ಳೆ ಈಜುಗಾರನೂ ಅದನ್ನ ಹಿಡಿಯಲಾರ. ತಲೆಕೆಳಗಾದ ದೋಣಿ ಕಡೇಪಕ್ಷ ಇದ್ದಲ್ಲೇ ಇರತ್ತೆ. ಅದಕ್ಕೇ ಬಿದ್ದ ತಕ್ಷಣ ಒಂದು ಹಗ್ಗ ಕೈಲಿರಬೇಕು, ದೊಡ್ಡ ಹಾಯಿ ಎಳೆಯೋ ಮೇನ್‌ಶೀಟೋ, ಮುಂದಿನ ಸಣ್ಣ ಹಾಯಿ ಎಳೆಯೋ ಜಿಬ್‌ಶೀಟೋ ಯಾವುದಾದ್ರೂ ಸರಿ, ದೋಣಿ ಬಿಟ್ಟು ದಡಕ್ಕೆ ಈಜ್ತೀನಿ ಅನ್ನೋ ಯೋಚ್ನೆನೇ ಬರಬಾರದು. ದಡ ಹತ್ರ ಕಾಣತ್ತೆ, ನೀರಲ್ಲಿ ಕೂತು ನೋಡಿದ್ರೆ ದೂರದ ಅಂದಾಜು ಯಾರಿಗೂ ಸಿಗಲ್ಲ.

ಈಗ ಆ ಮೊದಲ ಒಂದು ನಿಮಿಷ. ನಿಮ್ಮದು ತಲೆಕೆಳಗಾಗಿದ್ದಕ್ಕೆ ಮಾಸ್ಟ್ ನೀರು ಒಂದೇ ಕಾರಣ ಅಂತ ನನಗನ್ನಿಸಲ್ಲ. ಬಿದ್ದಾಗ ಕೈಗೆ ಸಿಕ್ಕಿದ್ದನ್ನ ಹಿಡ್ಕೊಳ್ಳೋದು ಮನುಷ್ಯರ ಸಹಜ ಗುಣ, ಮಾಸ್ಟೋ, ಹಾಯಿ ಕೆಳಗಿನ ಅಡ್ಡ ಕೋಲು ಬೂಮೋ, ಮೇಲಿನ ಅಂಚೋ ಹಿಡಿದು ನೇತಾಡಿದ್ರೆ ಆ ಭಾರಕ್ಕೇ ದೋಣಿ ಉರುಳತ್ತೆ. ಜೊತೆಗೆ ಕೆಲವು ದೋಣಿಗಳಿಗೆ ಎರಡೂ ಪಕ್ಕದಲ್ಲಿ ದೊಡ್ಡ ಗಾಳಿ ಟ್ಯಾಂಕ್ ಇರತ್ತೆ, ಪಕ್ಕಕ್ಕೆ ಬಿದ್ದಾಗ ಎತ್ತರಕ್ಕೆ ತೇಲಿ ಬೇಗ ಬೋರಲಾಗತ್ತೆ, ನಿಮ್ಮದೂ ಹಾಗಿದ್ರೆ ಸಮಯ ಇನ್ನೂ ಕಮ್ಮಿ. ಹಾಗಾಗಿ ಬಿದ್ದ ಕೂಡ್ಲೇ ಮೊದಲು ಮಗಳ ಹೆಸರು ಕೂಗಿ, ಅವಳು ಉತ್ತರ ಕೊಡ್ಬೇಕು, ಇದು ಮನೆಯ ರೂಲ್ ಆಗ್ಲಿ. ಆಮೇಲೆ ಭಾರ ಇರೋರು, ಅಂದ್ರೆ ನೀವು, ಮೇನ್‌ಶೀಟ್ ಹಿಡ್ಕೊಂಡು ಹಿಂಭಾಗದಿಂದ ಸುತ್ತಿ ಸೆಂಟರ್‌ಬೋರ್ಡ್ ಹತ್ರ ಹೋಗಿ ಅದಕ್ಕೆ ತೂಗು ಬೀಳಿ, ಎತ್ತೋಕೆ ಅಲ್ಲ, ಬೋರಲಾಗೋದನ್ನ ತಡೆಯೋಕೆ. ಅಷ್ಟು ಮಾಡಿದ್ರೆ ಸಮಯ ಸಿಕ್ತು. ಮಗಳು ಒಳಗಡೆ ಜಾಗದಲ್ಲಿ, ಕೆಳಗಿರೋ ಪಕ್ಕದ ಹತ್ರ, ನೀರಲ್ಲಿ ತೇಲ್ತಾ ಒಳಗಿನ ಪಟ್ಟಿ ಮೆಲ್ಲಗೆ ಹಿಡ್ಕೊಂಡಿರಲಿ, ಭಾರ ಹಾಕದ ಹಾಗೆ. ಶೀಟುಗಳನ್ನೆಲ್ಲ ಕ್ಲೀಟ್‌ನಿಂದ ಬಿಡಿಸೋ ಕೆಲಸ ಅವಳದ್ದು, ಬೂಮ್ ಕೆಳಕ್ಕೆ ಎಳೆದಿರೋ ಹಗ್ಗಾನೂ ಬಿಡಿಸ್ಲಿ, ಇಲ್ಲಾಂದ್ರೆ ಎದ್ದ ದೋಣಿ ಹಾಯಿಗೆ ಗಾಳಿ ತುಂಬಿ ನಿಮ್ಮನ್ನ ಬಿಟ್ಟು ಓಡತ್ತೆ ಇಲ್ಲಾ ಮತ್ತೆ ಮಗುಚತ್ತೆ. ಮಾಸ್ಟ್ ತುದಿ ಹಿಡ್ಕೊಂಡಿರು ಅಂತ ಮಕ್ಕಳನ್ನ ದೂರ ಕಳಿಸೋರು ಇದಾರೆ, ನನಗದು ಒಪ್ಪಿಗೆ ಇಲ್ಲ, ಮಗು ದೋಣಿ ಹತ್ರಾನೇ ಇರ್ಬೇಕು.

ದೋಣಿಯ ಮೂತಿ ಗಾಳಿ ಬರೋ ಕಡೆಗೆ ತಿರುಗೋ ತನಕ ಕಾಯಿರಿ. ಮಾಸ್ಟ್ ಗಾಳಿ ಕಡೆಗೆ ಇರೋವಾಗ ಎತ್ತಿದ್ರೆ ಗಾಳಿ ಹಾಯಿ ಅಡಿಗೆ ನುಗ್ಗಿ ದಬಕ್ಕಂತ ನಿಮ್ಮ ಮೇಲೇ ಆ ಕಡೆ ಕವುಚತ್ತೆ. ತಿರುಗಿದ ಮೇಲೆ ಬೋರ್ಡ್ ಮೇಲೆ ಹತ್ತಿ, ತುದಿಯಲ್ಲಿ ನಿಲ್ಲಬೇಡಿ ಮುರಿಯತ್ತೆ, ದೋಣಿ ಮೈಗೆ ಅಂಟಿಕೊಂಡ ಹಾಗೆ ನಿಂತು ಜಿಬ್‌ಶೀಟ್ ಹಿಡಿದು ಬೆನ್ನು ನೆಟ್ಟಗೆ ಮಾಡಿ ವಾಲಿ. ಜಗ್ಗಾಡೋದು ಬೇಡ, ವಾಲಿ ಕಾಯೋದು. ಮಾಸ್ಟ್ ನೀರು ಬಿಟ್ಟು ಸ್ವಲ್ಪ ಎದ್ದ ಮೇಲೆ ಅಲ್ಲೇ ನಿಲ್ಲಿಸ್ಕೊಂಡು ಬುಡದ ತೂತಿಂದ ನೀರು ಸುರಿದು ಹೋಗ್ಲಿ, ಆಮೇಲೆ ಸುಲಭ. ದೋಣಿ ಏಳೋವಾಗ ಒಳಗಿದ್ದ ಮಗಳು ತಾನಾಗೇ ದೋಣಿಯೊಳಗೆ ಬಂದು ಬೀಳ್ತಾಳೆ, ಇದೇ ಈ ವಿಧಾನದ ಚಂದ. ಸೆಂಟರ್‌ಬೋರ್ಡ್‌ಗೆ ಒಂದು ಎಲಾಸ್ಟಿಕ್ ಹಗ್ಗ ಕಟ್ಟಿರಬೇಕು, ಬೋರಲಾದಾಗ ಅದು ಒಳಕ್ಕೆ ಜಾರಿಬಿಟ್ರೆ ಹಿಡಿಯೋಕೆ ಏನೂ ಇರಲ್ಲ.

ಅಪ್ಪಿತಪ್ಪಿ ದೋಣಿ ಅಡಿಗೋ ಹಾಯಿ ಅಡಿಗೋ ಸಿಕ್ಕಿಹಾಕ್ಕೊಂಡ್ರೆ ಗಾಬರಿ ಬೀಳೋ ಅಗತ್ಯ ಇಲ್ಲ ಅನ್ನೋದನ್ನ ಮಗಳಿಗೆ ಮಾತಲ್ಲಿ ಹೇಳಿದ್ರೆ ಸಾಲದು, ಮಾಡಿಸಬೇಕು. ಬೋರಲು ದೋಣಿ ಅಡಿ ಸಾಮಾನ್ಯವಾಗಿ ಗಾಳಿ ಜಾಗ ಇರತ್ತೆ, ಉಸಿರಾಡಬಹುದು, ಆಮೇಲೆ ಅಂಚಿನ ಕೆಳಗಿಂದ ನುಸುಳಿ ಹೊರಗೆ. ಹಾಯಿ ಅಡಿ ಆದ್ರೆ ಕೈ ಮೇಲೆತ್ತಿ ಬಟ್ಟೆ ನೂಕಿದ್ರೆ ಗಾಳಿ ಜಾಗ ಆಗತ್ತೆ, ಒಂದು ಹೊಲಿಗೆ ಸಾಲು ಹಿಡ್ಕೊಂಡು ಒಂದೇ ದಿಕ್ಕಲ್ಲಿ ಹೋಗ್ತಾ ಇದ್ರೆ ಅಂಚು ಸಿಕ್ಕೇ ಸಿಗತ್ತೆ. ಹಗ್ಗ ಸುತ್ಕೊಂಡ್ರೆ ಕತ್ತರಿಸೋಕೆ ಜಾಕೆಟ್‌ಗೆ ಕಟ್ಟಿದ ಒಂದು ಸಣ್ಣ ಚಾಕು, ಮೊಂಡು ಮೂತಿದು. ಗಾಳಿ ತುಂಬಿ ತಾನೇ ಉಬ್ಬೋ ಲೈಫ್ ಜಾಕೆಟ್ ಇಂಥ ಸಣ್ಣ ದೋಣಿಗೆ ಬೇಡ, ಬೋರಲು ದೋಣಿ ಅಡಿ ಉಬ್ಬಿಬಿಟ್ರೆ ಕೆಳಗೆ ಮುಳುಗಿ ಹೊರಬರೋಕೇ ಆಗಲ್ಲ. ಫೋಮ್ ಜಾಕೆಟ್ ಸಾಕು, ಚೆನ್ನಾಗಿ ಈಜೋರಿಗೆ 50 ನ್ಯೂಟನ್‌ದು, ಈಜು ಅಷ್ಟಕ್ಕಷ್ಟೇ ಅಂದ್ರೆ 100ದು, ಮಗಳ ತೂಕಕ್ಕೆ ಸರಿಯಾದ್ದು, ತೊಡೆ ಸಂದಿಲಿ ಪಟ್ಟಿ ಇರೋದು. ನಿಮ್ಮ ಸೈಜಿಂದು ಅವಳಿಗೆ ಹಾಕಿದ್ರೆ ನೀರಿಗೆ ಬಿದ್ದಾಗ ತಲೆ ಮೇಲಿಂದ ಕಳಚಿ ಹೋಗತ್ತೆ.

ಅಭ್ಯಾಸಕ್ಕೆ ಗಾಳಿ ಕಮ್ಮಿ ಇರೋ ಬೆಳಗ್ಗೆ ಹೋಗಿ, ತೆಪ್ಪದವರನ್ನ ಹತ್ರ ನಿಲ್ಲೋಕೆ ಹೇಳಿ, ದುಡ್ಡು ಕೊಟ್ಟಾದ್ರೂ ಸರಿ. ಡಿಸೆಂಬರ್ ಜನವರಿ ಬೇಡ, ಒದ್ದೆ ಮೈಗೆ ಬೆಳಗಿನ ಗಾಳಿ ತಾಗಿದ್ರೆ ಮಕ್ಕಳು ಬೇಗ ಸೋಲ್ತಾರೆ. ಆಳ ನೋಡ್ಕೊಳ್ಳಿ. ಹಾರಂಗಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ, ಮೇ ತಿಂಗಳ ಹೊತ್ತಿಗೆ ಹಿನ್ನೀರಿನ ಅಂಚೆಲ್ಲ ಕೆಸರು, ಬೊಡ್ಡೆ. ಆರು ಮೀಟರ್‌ಗಿಂತ ಕಮ್ಮಿ ಆಳದಲ್ಲಿ ದೋಣಿ ಬೋರಲಾದ್ರೆ ಮಾಸ್ಟ್ ಕೆಸರಲ್ಲಿ ಹೂತ್ಕೊಳ್ಳತ್ತೆ. ಆಗ ಬೋರ್ಡ್ ಮೇಲೆ ಕುಣಿದ್ರೆ ಮಾಸ್ಟ್ ಬಾಗತ್ತೆ, ತೆಪ್ಪದಿಂದ ಮೂತಿಗೆ ಹಗ್ಗ ಕಟ್ಟಿ ಮೆತ್ತಗೆ ಎಳೀಬೇಕು, ಬಿಡಿಸಿಕೊಂಡ ಮೇಲೆ ಎತ್ತೋದು.

ಫೆಬ್ರವರಿಲಿ ಬಂದ ಆ ಗಾಳಿ ಬಗ್ಗೆ ಹೇಳ್ಬೇಕು. ಕಾಫಿ ಹೂ ಬಿಡಿಸೋ ಹೂಮಳೆ ಹೊತ್ತಲ್ಲಿ, ಏಪ್ರಿಲ್-ಮೇಲಂತೂ ಕೇಳೋದೇ ಬೇಡ, ಮಧ್ಯಾಹ್ನ ಮೋಡ ಕಟ್ಟಿ ಮಳೆ ಬೀಳೋಕೆ ಮುಂಚೆ ಒಂದು ತಣ್ಣನೆ ಗಾಳಿ ಧುತ್ತಂತ ಬರತ್ತಲ್ಲ, ತೋಟದವರು ಮಳೆಗೋಸ್ಕರ ಆಕಾಶ ನೋಡ್ತಾ ಕೂತಿರ್ತಾರೆ, ಅದೇ ಗಾಳಿಗೆ ದೋಣಿಗಳು ಮಗುಚೋದು. ಮೋಡದಿಂದ ಮಳೆ ಜೊತೆ ಕೆಳಕ್ಕೆ ಬೀಳೋ ತಣ್ಣನೆ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡೋದು ಅದು, ದಿಕ್ಕು ಒಮ್ಮೆಲೇ ಬದಲಾಗತ್ತೆ. ಗುಡುಗು ಕೇಳಿಸ್ತು ಅಂದ್ರೆ ದಡ, ಚರ್ಚೆ ಇಲ್ಲ. ಬಯಲು ನೀರ ಮಧ್ಯೆ ಆರು ಮೀಟರ್ ಲೋಹದ ಕಂಬ ನೆಟ್ಕೊಂಡು ಕೂತಿರೋದು ನೀವೊಬ್ಬರೇ. ಜೂನ್‌ನಿಂದ ಮಳೆಗಾಲ ಪೂರ್ತಿ ನೀರಿಗೆ ಇಳಿಯೋದೇ ಬೇಡ, ಒಳಹರಿವು ಜೋರು, ಗೇಟು ತೆಗೆದಾಗ ಸೆಳೆತ ಬೇರೆ.

ಕರೆಂಟ್ ತಂತಿ ಮಾತು ಎತ್ತದೆ ಬಿಟ್ರೆ ತಪ್ಪಾಗತ್ತೆ. ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಆದ ಸಾವುಗಳು ಕೊಡಗಲ್ಲಿ ಯಾರಿಗೂ ಹೊಸದಲ್ಲ. ಮಾಸ್ಟ್ ಅದಕ್ಕಿಂತ ಅಪಾಯ, ಅದನ್ನ ಹಿಡಿದಿರೋ ಲೋಹದ ವೈರುಗಳೆಲ್ಲ ದೋಣಿಗೆ ಕಟ್ಟಿರೋದರಿಂದ ಮುಟ್ಟಿದೋರಿಗೆಲ್ಲ ಹೊಡೆಯತ್ತೆ. ಮಾಸ್ಟ್ ನಿಲ್ಲಿಸೋದು ನೀರಂಚಲ್ಲೇ, ಮೇಲೆ ನೋಡಿ. ನಿಲ್ಲಿಸಿದ ಮೇಲೆ ಟ್ರೇಲರ್ ಎಳ್ಕೊಂಡು ಓಡಾಡೋದು ಬೇಡವೇ ಬೇಡ. ಹೋಬಿ 16 ಅನ್ನೋ ಎರಡು ಒಡಲಿನ ಹಾಯಿದೋಣಿಗೆ ಅಮೆರಿಕದಲ್ಲಿ ಮಾಸ್ಟ್‌ನ ಮೇಲ್ಭಾಗವನ್ನ ಕರೆಂಟ್ ಹರಿಯದ ಫೈಬರ್‌ನಲ್ಲಿ ಮಾಡೋಕೆ ಶುರು ಮಾಡಿದ್ದೇ ಇಂಥ ಅನಾಹುತಗಳಾದ ಮೇಲೆ.

ನೆಟ್‌ನಲ್ಲಿ ಹುಡುಕೋವಾಗ ಒಂದು ಎಚ್ಚರ. ಸಮುದ್ರದ ದೊಡ್ಡ ಹಾಯಿದೋಣಿಗಳ, ಅಂದ್ರೆ ಯಾಟ್‌ಗಳ ಮಾತು ಬೇರೆ, ಅವಕ್ಕೆ ಅಡಿಯಲ್ಲಿ ಕೀಲ್ ಅನ್ನೋ ಭಾರದ ರೆಕ್ಕೆ ಇರತ್ತೆ, ಮಗುಚಿದ್ರೂ ತಾವೇ ಏಳ್ಬೇಕು. 1979ರ ಫಾಸ್ಟ್‌ನೆಟ್ ಅನ್ನೋ ಯಾಟ್ ರೇಸ್‌ನಲ್ಲಿ ಬಿರುಗಾಳಿಗೆ ಸಿಕ್ಕಿ 15 ಜನ ಸ್ಪರ್ಧಿಗಳು ತೀರ್ಕೊಂಡ ಮೇಲೆ ಆ ಬಗ್ಗೆ ತುಂಬಾ ಅಧ್ಯಯನ ಆಯ್ತು, ಮಾಸ್ಟ್ ಮುರಿದ ಯಾಟ್ ಅಲೆಗೆ ಇನ್ನೂ ಸುಲಭವಾಗಿ ಉರುಳತ್ತೆ, ಅಂದ್ರೆ ಮೇಲಿನ ಭಾರವೇ ಅಲೆಯ ಹೊಡೆತಕ್ಕೆ ಅಡ್ಡ ನಿಲ್ಲತ್ತೆ ಅನ್ನೋದೆಲ್ಲ ಗೊತ್ತಾಗಿದ್ದು ಆಗಲೇ. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ 2018ರ ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ದೋಣಿ ಉರುಳಿ ಮಾಸ್ಟ್ ಮುರಿದು ಬೆನ್ನಿಗೆ ಪೆಟ್ಟಾಗಿ ಬಿದ್ದಿದ್ದರಲ್ಲ, ಅದೂ ಆ ಜಾತಿಯ ದೋಣಿ. ಅಲ್ಲಿನ ಸೂತ್ರಗಳನ್ನ ತಂದು ಹಿನ್ನೀರಿನ 14 ಅಡಿ ದೋಣಿಗೆ ಹಾಕಬೇಡಿ, ನಿಮ್ಮ ದೋಣಿಯ ಕೀಲ್ ಅಂದ್ರೆ ನೀವೇ.

ಮಳೆಗಾಲಕ್ಕೆ ಮಾಸ್ಟ್ ಇಳಿಸಿ ಸೂರಿನ ಅಡಿ ಇಡಿ, ಬುಡ ಸ್ವಲ್ಪ ತಗ್ಗಿಗೆ, ಬಿರಡೆ ತೆಗೆದು. ವರ್ಷಕ್ಕೆ ನೂರಿಂಚು ಮಳೆ ಬೀಳೋ ಊರುಗಳಲ್ಲಿ ಸೀಲ್ ಮಾಡಿದ ಮಾಸ್ಟ್ ಒಳಗೂ ತೇವ ಕಟ್ಟತ್ತೆ. ಬಾಯಿಗೆ ಸೊಳ್ಳೆಪರದೆ ಚೂರು ಕಟ್ಟಿ, ಇಲ್ಲಾಂದ್ರೆ ಕುಂಬಾರ ಹುಳ ಮಣ್ಣು ಮೆತ್ತಿ ತೂತು ಮುಚ್ಚಿಬಿಡತ್ತೆ, ಅದು ಸಿಮೆಂಟ್‌ಗಿಂತ ಗಟ್ಟಿ, ಸೀಸನ್ ಶುರು ಮಾಡೋ ಮೊದಲು ತಂತಿ ಹಾಕಿ ನೋಡಿ.

ಕಾರ್ಬನ್ ಮಾಸ್ಟ್ ಕೇಳಿದ್ರಿ. ಹಗುರ ಹೌದು, ಎತ್ತೋಕೆ ಸುಲಭ ಹೌದು, ಆದ್ರೆ ತೂತಿದ್ರೆ ಅದರೊಳಗೂ ಅಷ್ಟೇ ಲೀಟರ್ ನೀರು ತುಂಬತ್ತೆ, ಕರೆಂಟೂ ಹರಿಯತ್ತೆ, ಬೆಲೆ ನಿಮ್ಮ ದೋಣಿಗಿಂತ ಜಾಸ್ತಿ ಆದ್ರೂ ಆಯ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಗತ್ತೆ. ಆ ದುಡ್ಡಲ್ಲಿ ಮಗಳಿಗೆ ಸರಿಯಾದ ಜಾಕೆಟ್, ಹೊಸ ಹಾಲ್ಯಾರ್ಡ್, ಒಂದು ಟ್ಯೂಬ್ ಒಳ್ಳೆ ಸೀಲಂಟ್, ಎರಡು ಫೋಮ್ ಕೋಲು ತಗೊಳ್ಳಿ. ಮಾಸ್ಟ್ ಬುಡದ ಫೋಟೋ ಮತ್ತೆ ತುದಿಯ ರಾಟೆ ಬಾಕ್ಸ್‌ದು ಹತ್ತಿರದಿಂದ ತೆಗೆದು ಕಳಿಸಿದ್ರೆ ಬಿರಡೆ ಯಾವ ಅಳತೆಗೆ ಕೊಯ್ಯಬೇಕು, ರಿವೆಟ್ ಎಲ್ಲೆಲ್ಲಿ ಬದಲಿಸ್ಬೇಕು ಅಂತ ಹೇಳ್ತೀನಿ.